ಅಚ್ಚೆಗಿಡ, ಬೇಲಿ ಕಳ್ಳಿ ಮ್ಯಾಲೆ ಪ್ರಾಜೆಕ್ಟ್: ಅನುಭವ ಇದ್ದವರು ಹೇಳ್ರಿ

ಕೇಳಿದವರು, ಧಾರವಾಡ:
ಎಂ.ಎಸ್ಸಿ. ಪ್ರಾಜೆಕ್ಟಿಗೆ ಅಚ್ಚೆಗಿಡ ಮತ್ತ ಬೇಲಿ ಕಳ್ಳಿ ಆರಿಸೇನಿ, ಎರಡೂ ಹಾಲು ಬರೋ ಯುಫೋರ್ಬಿಯಾ ಕುಲದ ಗಿಡ. ಗದಗ, ಹಾವೇರಿ, ಧಾರವಾಡದಿಂದ ತಂದು ತಳಿವೈವಿಧ್ಯ ನೋಡಿ, ಕುರಿ ಜಂತುಹುಳದ ಮ್ಯಾಲೆ ಪರೀಕ್ಷೆ ಮಾಡಬೇಕಂತ ಐತಿ. ಡಿಎನ್‌ಎ ಮೊದಲೋ, ಹುಳ ಮೊದಲೋ? ಖರ್ಚು ಎಷ್ಟಾದೀತು?

ಲ್ಯಾಬ್‌ನಾಕಿ, ಹುಬ್ಬಳ್ಳಿ:
ಹಾಲು ಬರೋ ಗಿಡದಿಂದ ಡಿಎನ್‌ಎ ತೆಗೆಯೋದು ಹುಡುಗಾಟ ಅಲ್ಲ, ನನ್ನ ಪಿಎಚ್‌ಡಿ ಇದರಾಗ ಸವದೈತಿ. ಸಿಟಿಎಬಿ ಅನ್ನೋ ಸಾಬೂನಿನಂಥ ದ್ರಾವಣ ಹಾಕಿ ಅರದು, ಕ್ಲೋರೋಫಾರ್ಮ್ ಹಾಕಿ ತಿರುಗಿಸಿ, ಕಡೀಕ ಟ್ಯೂಬಿನ ತಳ ನೋಡಿದ್ರ ಡಿಎನ್‌ಎದ ಬಿಳಿ ಎಳೆ ಇಲ್ಲ. ಕಂದು ಅಂಟು, ಪಾಕ ಹಿಡದ ಬೆಲ್ಲದಂಗ. ಅದರಾಗ ಪಿಸಿಆರ್ (ಡಿಎನ್‌ಎ ನಕಲು ಮಾಡೋ ವಿಧಾನ) ಕಿಣ್ವ ಕೆಲಸಾನ ಮಾಡೂದಿಲ್ಲ. ಎಳೆ ಚಿಗುರು ಅಷ್ಟ ತಗೊಂಡು, ಆ ಕಂದು ಕಸ ಹಿಡಿಯೋ ಪಿವಿಪಿ ಪುಡಿ ಹೆಚ್ಚು ಹಾಕಿ, ಉಪ್ಪಿನಂಶ ಏರಿಸಿದ ಮ್ಯಾಲೆ ಸ್ವಚ್ಛ ಬಂತು. ಪ್ರೈಮರ್, ಕಿಣ್ವ, ಅಗರೋಸ್ ಅಂತ ಲ್ಯಾಬ್ ಸಾಮಾನು ಕೂಡಿ ₹86,000. ಫೆಲೋಶಿಪ್ ತಡ ಆಗಿ ಅದರಾಗಿನ ₹31,000 ಅಪ್ಪಾರ ಕಿಸೆಯಿಂದ ಹೋತು. ಡೀಪ್ ಫ್ರೀಜರ್ ಕೆಟ್ಟು ಮಳೆಗಾಲದ ಸ್ಯಾಂಪಲ್ ಅಷ್ಟೂ ಹಾಳಾದ್ವು, ಮುಂದಿನ ಮಳೀತನಕ ಕುಂತೆ. ಗಿಡಗಳ ಡಿಎನ್‌ಎ ಹೋಲಿಸಾಕ ಆರ್‌ಎಪಿಡಿ ವಿಧಾನ ಬ್ಯಾಡ, ಇವತ್ತು ಬಂದ ಬ್ಯಾಂಡ್ (ಡಿಎನ್‌ಎ ಗೆರಿ) ನಾಳೆ ಬರೂದಿಲ್ಲ. ಐಎಸ್‌ಎಸ್‌ಆರ್ ವಿಧಾನ ವಾಸಿ. ಬೇಲಿ ಕಳ್ಳಿ ಅಂತೂ ಬಿಟ್ಟಬಿಡ್ರಿ. ಆಫ್ರಿಕಾ ಮೂಲದ ಗಿಡ, ಇಲ್ಲಿ ಬೀಜ ಹಾಕಿ ಯಾರೂ ಬೆಳಸಂಗಿಲ್ಲ, ಕೊಂಬಿ ಮುರದು ಊರೂರಿಗೆ ಹಚ್ಕೋತ ಹೋಗ್ಯಾರ. ಹತ್ತೂರಿನ ಸ್ಯಾಂಪಲ್ ಅಂತ ತಂದದ್ದು ಒಂದ ಗಿಡದ ಹತ್ತು ತುಂಡು ಆಗಿರಬಹುದು.

ಕುರಿಗಾರ, ಮುಂಡರಗಿ:
ಡಿಎನ್‌ಎ ನಮಗ ತಿಳಿಯೂದಿಲ್ರಿ, ಕುರಿ ಹೋದ ಸಂಕಟ ಗೊತ್ತೈತಿ. ಮಳಿ ಬಿಟ್ಟ ಮ್ಯಾಲೆ ಗದ್ದದ ಕೆಳಗ ನೀರು ಇಳೀತು, ಕೆಳರೆಪ್ಪಿ ಬಗ್ಗಿಸಿ ನೋಡಿದ್ರ ಒಳಗ ಕೆಂಪ ಇಲ್ಲ, ಬೆಳ್ಳಗ ಬಿಳಚಿಕೊಂಡಿತ್ತು. ಔಷಧಿ ಅಂಗಡಿಯಂವ ಪ್ರತಿ ಸಲ ಅದ ಅಲ್ಬೆಂಡಜೋಲ್ ಜಂತು ಔಷಧಿ ಬಾಟ್ಲಿನ ಕೊಟ್ಟ. ಮರಿ ಹಾಕೋ ಕುರಿ ಒಂದಕ್ಕ ₹9,500, ಟಗರಿಗೆ ₹18,000, ಔಷಧಿ ₹4,200, ಗಾಡಿ ಬಾಡಿಗಿ ಬ್ಯಾರೆ. ಅಚ್ಚೆಗಿಡ ಅರದು ಕುಡಿಸಿದ್ರ ಹಿಕ್ಕಿ ಗಟ್ಟಿ ಆತು, ಖರೆ. ಕೆಳರೆಪ್ಪಿ ಕೆಂಪಾಗಲಿಲ್ಲ. ಹುಳ ಒಳಗ ಇದ್ದವು.

ಪಶುವೈದ್ಯ, ಹಾವೇರಿ:
ಮುಂಡರಗಿಯವರ ಮಾತಿನಾಗ ಇಡೀ ಪ್ರಾಜೆಕ್ಟ್ ಐತಿ. ಭೇದಿ ನಿಂತರ ಹುಳ ಸತ್ತಂಗಲ್ಲ. ಆ ಹುಳ ಹೀಮಾಂಕಸ್. ನಾಕನೇ ಹೊಟ್ಟಿಯೊಳಗ ಕಚ್ಚಿಕೊಂಡು ಒಂದೊಂದು ಹುಳ ದಿನಕ್ಕ ಸುಮಾರು 0.05 ಮಿಲಿ ರಕ್ತ ಕಳೀತೈತಿ, ಹೆಣ್ಣು ದಿನಕ್ಕ 5,000ಕ್ಕೂ ಹೆಚ್ಚು ತತ್ತಿ ಇಡತೈತಿ. ಒಂದ ಔಷಧಿ ಅರ್ಧಂಬರ್ಧ ಡೋಸಿನಾಗ ಕುಡಿಸ್ಕೋತ ಹೋದ್ರ ಹುಳ ಅದಕ್ಕ ಜಗ್ಗೂದಿಲ್ಲ. ಅದಕ್ಕ ಹುಳ ಮೊದಲು: ಗಿಡದ ರಸದಾಗ ಹುಳದ ತತ್ತಿ ಒಡೀತಾವೋ ಇಲ್ಲೋ ನೋಡೋ ಪರೀಕ್ಷೆ ಮಾಡ್ರಿ, ಹೋಲಿಕೆಗೆ ಅಲ್ಬೆಂಡಜೋಲ್ ಇಡ್ರಿ, ಗಿಡದ ರಸ ಇಲ್ಲದ ಬರೇ ದ್ರಾವಕದ್ದೂ ಒಂದು ಸಾಲು ಇಡ್ರಿ. ಗುಣ ಇಲ್ಲದ ಗಿಡದ ಡಿಎನ್‌ಎ ಬಿಡಿಸಿ ಏನ್ಮಾಡ್ತೀರಿ?

ಲ್ಯಾಬ್‌ನಾಕಿ, ಹುಬ್ಬಳ್ಳಿ:
ಡಾಕ್ಟ್ರೇ, ಒಂದ ಊರಿನ ಗಿಡದಾಗ ಗುಣ ಸಿಗಲಿಲ್ಲ ಅಂತ ಜಾತಿನ ಕೈ ಬಿಟ್ರ ಇನ್ನೊಂದು ಊರಿನ ಗಿಡ ನೋಡೋರು ಯಾರು? ವೈವಿಧ್ಯ ಯಾಕ ಅಳೀತೀವಿ ಮತ್ತ?

ನಾಟಿ ವೈದ್ಯರ ಮನೆಯವರು, ಶಿರಹಟ್ಟಿ:
ನಿಮ್ಮ ಟ್ಯೂಬಿನಾಗ ಸಿಗೂದಲ್ಲ ಅದು. ನಮ್ಮ ಗದಗ ಜಿಲ್ಲಾದ ಕಪ್ಪತಗುಡ್ಡದ ಗಿಡದ ಗುಣಾನ ಬ್ಯಾರೆ. ನಮ್ಮ ಅಜ್ಜಾರು ಕಳ್ಳಿ ಹಾಲು ಶುದ್ಧಿ ಮಾಡಿ ದನಕ್ಕ ಕೊಡ್ತಿದ್ರು, ಊರ ಮಂದಿ ಬಾಗಲಿಗೆ ಬರ್ತಿದ್ರು. ಈಗ ಓದಿದವರು ನಮ್ಮ ಹಂತ್ಯಾಕ ಬಂದು ಕೇಳಿಕೊಂಡು ಹೋಗಿ ತಮ್ಮ ಹೆಸರಿಗೆ ಬರಕೋತಾರ.

ಪಶುವೈದ್ಯ, ಹಾವೇರಿ:
ಇದನ್ನ ಓದಿ ಯಾರರ ಹಸಿ ಕಳ್ಳಿ ಹಾಲು ಕುಡಿಸ್ಯಾರು, ಅದಕ್ಕ ಹೇಳತೀನಿ. ಹಾಲು ಸಿಡಿದು ಕಣ್ಣು ಬಾತು ನೀರು ಸುರಿಯೋ ಎತ್ತು ನೋಡೇನಿ. ಇದ ಕುಲದ ಯುಫೋರ್ಬಿಯಾ ಪೆಪ್ಲಸ್‌ನಿಂದ ತೆಗೆದ, ಚರ್ಮಕ್ಕ ಹಚ್ಚೋ ಇಂಜೆನಾಲ್ ಮುಲಾಮು 2012ರಾಗ ಅಮೆರಿಕದಾಗ ಒಪ್ಪಿಗಿ ಪಡೀತು, 2020ರಾಗ ಚರ್ಮದ ಕ್ಯಾನ್ಸರ್ ಭಯದಿಂದ ಯುರೋಪಿನಾಗ ಹಿಂದಕ್ಕ ತಗೊಂಡ್ರು. ಶುದ್ಧಿ ಮಾಡಿ ಅಳತಿ ಹಿಡದು ಕೊಟ್ಟದ್ದ ಹಿಂಗ!

ನಾಟಿ ವೈದ್ಯರ ಮನೆಯವರು, ಶಿರಹಟ್ಟಿ:
ನಾವು ಹಸಿ ಹಾಲು ಅಂದ್ವೇನು? ಶುದ್ಧಿ ಅಂದೆ. ಓದಿ ಉತ್ತರ ಕೊಡ್ರಿ.

ಲ್ಯಾಬ್‌ನಾಕಿ, ಹುಬ್ಬಳ್ಳಿ:
ಹೆಸರು ಬರಕೋತಾರ ಅನ್ನೋ ಮಾತು ನನಗ ನಾಟೈತಿ. ನಾನು ಕೇಳಿ ತಿಳಕೊಂಡ ಹಿರಿಯರ ಹೆಸರು ಪ್ರಬಂಧದ ಮೊದಲ ಪುಟದಾಗ ಐತಿ. ಇನ್ನ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅರಣ್ಯ ಇಲಾಖೆ ಅನುಮತಿ ಇಲ್ಲದ ಒಂದು ಎಲಿ ತರಬ್ಯಾಡ್ರಿ. ಅಚ್ಚೆಗಿಡಕ್ಕ ಗುಡ್ಡ ಯಾಕ ಬೇಕು? ಅಮೆರಿಕ ಖಂಡದಿಂದ ಬಂದ ಕಳೆ ಅದು, ಬಸ್‌ಸ್ಟ್ಯಾಂಡ್ ಗೋಡಿ ಬುಡದಾಗೂ ಇರತೈತಿ.

ಕುರಿಗಾರ, ಮುಂಡರಗಿ:
ಧಾಮ ಅಂತ ಬಾಯಿ ಮಾಡಬ್ಯಾಡ್ರಿ ಅಕ್ಕಾರ. ನಮ್ಮ ಹಿರ್ಯಾರು ಕುರಿ ಮೇಯಿಸಿದ ಗುಡ್ಡ. ಈಗ ಗುಡ್ಡದ ಅಂಚಿಗೆ ಹೋದ್ರ ಗಾರ್ಡ್ ಬಂದು ಕೋಲು ಕಸಗೋತಾನ. ಮೇವಿಗೆ ಜಾಗ ಇಲ್ಲದ ಒಂದ ಹೊಲದಾಗ ಕುರಿ ಕೂಡಿ ಹಾಕಿದ್ರ ಅದ ಹಿಕ್ಕಿ, ಅದ ಹುಲ್ಲು. ಜಂತು ಹೆಚ್ಚಾಗದ ಏನಾದೀತು?

ಪಶುವೈದ್ಯ, ಹಾವೇರಿ:
ಅದು ಖರೆ. ಮರಿಹುಳ ಹುಲ್ಲಿನ ಮ್ಯಾಲೇನ ಕಾಯ್ತಾವ, ಜಾಗ ಬದಲಿ ಆಗಬೇಕು.

ನಾಟಿ ವೈದ್ಯರ ಮನೆಯವರು, ಶಿರಹಟ್ಟಿ:
ಕುರಿ ಬಿಟ್ರ ಗುಡ್ಡದಾಗ ಬೇರು ಉಳೀತಾವೇನು? ಗಾರ್ಡ್ ಮಾಡಿದ್ದ ಸರಿ ಐತಿ.

ಕುರಿಗಾರ, ಮುಂಡರಗಿ:
ಬೇರು ಕಿತ್ತು ಮಾರಿದವರು ಯಾರು ಅಂತ ಊರಾಗ ಕೇಳೂಣು ಬರ್ರಿ.