ಬೀಚಿನ ಡಾಂಬರು ಉಂಡೆ: ದೂರು ಯಾರಿಗೆ ಕೊಡುವುದು?

ಬೀಚ್ ರಸ್ತೆ, ಮೂಲೆ ಮನೆ
ಬೆಳಿಗ್ಗೆ ವಾಕಿಂಗ್ ಹೋದವರು ನೋಡಿರಬಹುದು. ದಡದುದ್ದಕ್ಕೂ ಕಪ್ಪು ಉಂಡೆಗಳು. ಕೆಲವು ಗೋಲಿಯಷ್ಟು, ಕೆಲವು ಅಂಗೈ ಅಗಲ. ಮಕ್ಕಳ ಕಾಲಿಗೆಲ್ಲ ಅಂಟಿದೆ. ಒಂದು ಕಚೇರಿಗೆ ಫೋನ್ ಮಾಡಿದರೆ "ಕಡಲಿನದ್ದು ನಮಗೆ ಬರುವುದಿಲ್ಲ" ಎಂದರು. ಇನ್ನೊಂದು ಕಚೇರಿಯವರು "ದಡದ್ದು ನಮಗೆ ಬರುವುದಿಲ್ಲ" ಎಂದರು. ಹಾಗಾದರೆ ಯಾರಿಗೆ ಬರುವುದು ಮಾರಾಯ್ರೆ?

ಮಹಡಿ ಮನೆ
ಕಾಲಿಗೆ ಸೀಮೆಎಣ್ಣೆ, ಪೆಟ್ರೋಲ್ ಹಾಕಬೇಡಿ. ತೆಂಗಿನೆಣ್ಣೆ ಉಜ್ಜಿ, ಒರೆಸಿ, ಮತ್ತೆ ಸಾಬೂನು.

ಗೇಟ್ ಪಕ್ಕದ ಮನೆ
ನಾಳೆಯೇ ರಸ್ತೆ ತಡೆ ಮಾಡಬೇಕು. 2022ರ ಜೂನಿನಲ್ಲಿ ಉಳ್ಳಾಲದ ಬಟ್ಟಪ್ಪಾಡಿ ಹತ್ತಿರ ಪ್ರಿನ್ಸೆಸ್ ಮಿರಾಲ್ ಹಡಗು ಮುಳುಗಿತಲ್ಲ, 8,000 ಟನ್ ಉಕ್ಕಿನ ಸುರುಳಿ ಇದ್ದದ್ದು, ಇದು ಅದರ ಎಣ್ಣೆಯದ್ದೇ ಇರಬೇಕು. ಅಲ್ಲದಿದ್ದರೆ ಯಾವುದೋ ಫ್ಯಾಕ್ಟರಿಯದ್ದು.

ಹಳೇ ಬಾವಿ ಮನೆ
ಸಿಟ್ಟು ಬರಲಿ, ತಪ್ಪಿಲ್ಲ. ಆದರೆ "ಇರಬೇಕು" ಎಂದು ದೂರು ಬರೆದರೆ ಹರಿದು ಬಿಸಾಡುತ್ತಾರೆ. ಮಳೆಗಾಲದ ಆಸುಪಾಸಿನಲ್ಲಿ ನಮ್ಮ ಕರಾವಳಿಗೆ, ಗೋವಾಕ್ಕೆ ಇಂಥ ಉಂಡೆ ಬರುವುದು ಹೊಸತಲ್ಲ. ಹೊರಗಡಲಿನಲ್ಲಿ ಹಡಗಿನವರು ಟ್ಯಾಂಕ್ ತೊಳೆದು ಬಿಟ್ಟರೂ ಬರುತ್ತದೆ, ಹಡಗು ಒಡೆದರೂ ಬರುತ್ತದೆ. ಎಣ್ಣೆ ಬಿಸಿಲು, ಅಲೆಗೆ ಸಿಕ್ಕಿ ಗಟ್ಟಿಯಾಗುತ್ತದೆ, ಗಾಳಿ ದಡಕ್ಕೆ ತಳ್ಳುತ್ತದೆ. ಯಾವ ಜಾತಿಯ ಎಣ್ಣೆ ಎಂದು ಲ್ಯಾಬಿನಲ್ಲಿ ಪತ್ತೆ ಮಾಡಬಹುದು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಈ ಕೆಲಸ ಮಾಡಿದ್ದಾರೆ. ಅದಕ್ಕೆ ಸ್ಯಾಂಪಲ್ ಬೇಕು, ಮರಳು ಮುಚ್ಚುವ ಮೊದಲೇ.

ಯಾರಿಗೆ ಬರುವುದು ಎಂದು ಕೇಳಿದಿರಲ್ಲ. ಎಣ್ಣೆ ಸೋರಿಕೆಗೆ ರಾಷ್ಟ್ರೀಯ ಯೋಜನೆಯೇ ಉಂಟು, 1996ರಿಂದ. ಕಡಲಿನಲ್ಲಿ ಕೋಸ್ಟ್ ಗಾರ್ಡ್, ಬಂದರಿನೊಳಗೆ ಬಂದರಿನವರು, ದಡಕ್ಕೆ ಬಿದ್ದದ್ದು ರಾಜ್ಯದವರದ್ದು. ಹಾಗಾಗಿ ಒಂದೇ ಪತ್ರ, ಎಲ್ಲರಿಗೂ ಪ್ರತಿ. "ನಮಗೆ ಬರುವುದಿಲ್ಲ" ಎನ್ನುವವರು ಅದನ್ನೇ ಬರೆದು ಕೊಡಲಿ.

ಗೇಟ್ ಪಕ್ಕದ ಮನೆ
ಪತ್ರ ಬರೆದು ಯಾರಿಗೆ ಏನು ಸಿಕ್ಕಿದೆ ಸಾರ್?

ಹಳೇ ಬಾವಿ ಮನೆ
2011ರ ಆಗಸ್ಟಿನಲ್ಲಿ ಮುಂಬೈ ಹತ್ತಿರ ಎಂ.ವಿ. ರಾಕ್ ಹಡಗು ಮುಳುಗಿತು. ಹೊಟ್ಟೆಯಲ್ಲಿ 60,000 ಟನ್ ಕಲ್ಲಿದ್ದಲು, ಜೊತೆಗೆ ಎಣ್ಣೆ. ಸಮೀರ್ ಮೆಹ್ತಾ ಎನ್ನುವ ಒಬ್ಬರು ಪರಿಸರದ ಕೇಸು ಕೇಳುವ ಹಸಿರು ನ್ಯಾಯಮಂಡಳಿಗೆ ಹೋದರು. 2016ರಲ್ಲಿ ಹಡಗಿನವರು 100 ಕೋಟಿ ಕೊಡಬೇಕೆಂದು ಆದೇಶ ಬಂತು. ಐದು ವರ್ಷ ಹಿಡಿಯಿತು, ನಿಜ.

2025ರ ಮೇನಲ್ಲಿ ಕೇರಳದ ಕಡಲಿನಲ್ಲಿ ಎಂಎಸ್‌ಸಿ ಎನ್ನುವ ಕಂಪನಿಯ ಎಲ್ಸಾ 3 ಹಡಗು ಮುಳುಗಿದಾಗ ಕೇರಳ ಸರ್ಕಾರ 9,531 ಕೋಟಿ ಕೇಳಿ ಹೈಕೋರ್ಟಿಗೆ ಹೋಯಿತು. ಮುಳುಗಿದ ಹಡಗನ್ನು ಹಿಡಿಯುವುದು ಹೇಗೆ? ವಿಳಿಂಜಂ ಬಂದರಿಗೆ ಬಂದಿದ್ದ ಎಂಎಸ್‌ಸಿಯದ್ದೇ ಇನ್ನೊಂದು ಹಡಗನ್ನು ತಡೆದು ನಿಲ್ಲಿಸಲು ಕೋರ್ಟ್ ಹೇಳಿತು. ನನಗಂತೂ ಓದಿ ಖುಷಿಯಾಗಿತ್ತು.

ಬಡವರ ಪಾಲಿಗೆ ಏನು ಬರುತ್ತದೆ ಎನ್ನುವುದು ಬೇರೆ ಕತೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯಲ್ಲಿ ಚೆನ್ನೈನ ಎನ್ನೂರಿಗೆ ರಿಫೈನರಿಯ ಎಣ್ಣೆ ಹರಿಯಿತು. ಮೀನುಗಾರರ ಒಂದು ಕುಟುಂಬಕ್ಕೆ ತಮಿಳುನಾಡು ಸರ್ಕಾರ ಘೋಷಿಸಿದ್ದು 12,500 ರೂಪಾಯಿ. ಬಲೆಗೇ ಅದು ಸಾಲುವುದಿಲ್ಲ.

ಮೀನು ಮಾರ್ಕೆಟ್ ಎದುರು ಮನೆ
ನೀವೆಲ್ಲ ಫೋಟೊ ಹಾಕಿ ಸುದ್ದಿ ಮಾಡಿದರೆ ನಾಳೆ ನಮ್ಮ ಮೀನು ಯಾರು ತೆಗೆದುಕೊಳ್ಳುತ್ತಾರೆ? ಟ್ರಾಲ್ ಬೋಟಿಗೆ ಜುಲೈ 31ರವರೆಗೆ ರಜೆ. ನಾಡದೋಣಿಯವರಿಗೆ ಇದೇ ಸೀಸನ್. ಎಲ್ಸಾ ಮುಳುಗಿದಾಗ ಕೇರಳದಲ್ಲಿ ಮೀನು ತಿನ್ನಲು ಜನ ಹೆದರಿದ್ದು ನಮಗೆ ಗೊತ್ತುಂಟು.

ಬೀಚ್ ರಸ್ತೆ, ಮೂಲೆ ಮನೆ
ಹಾಗಂತ ಸುಮ್ನೆ ಕೂರುವುದಾ?

ಮೀನು ಮಾರ್ಕೆಟ್ ಎದುರು ಮನೆ
ಕೂರಲು ಹೇಳಲಿಲ್ಲ. ಮೀನು ಪರೀಕ್ಷೆ ಮಾಡಿ ಫಲಿತಾಂಶ ಹೊರಗೆ ಹಾಕಿ ಎಂದು ಅದೇ ಪತ್ರದಲ್ಲಿ ಬರೆಯಿರಿ. ಅದು ಮೊದಲ ಸಾಲಿನಲ್ಲೇ ಇರಲಿ. ಇಲ್ಲದಿದ್ದರೆ ನಮ್ಮ ಸಹಿ ಇಲ್ಲ.

ಹಳೇ ಬಾವಿ ಮನೆ
ಸರಿ, ಮೊದಲ ಸಾಲಿನಲ್ಲೇ ಹಾಕುತ್ತೇನೆ. ಬಲೆಗೆ ಅಂಟಿದ್ದರೆ ಫೋಟೊ ತೆಗೆದಿಡಿ, ಬಲೆಯ ಬಿಲ್ ಬಿಸಾಡಬೇಡಿ. ಪರಿಹಾರಕ್ಕೆ ಹಸಿರು ನ್ಯಾಯಮಂಡಳಿಗೆ ಹೋಗಲು ಐದು ವರ್ಷ ಸಮಯ ಉಂಟು.

ಮಹಡಿ ಮನೆ
ಒಂದು ಮಾತು, ಬೇಜಾರು ಮಾಡಬೇಡಿ. ನಮ್ಮ ರಸ್ತೆಯ ಗ್ಯಾರೇಜುಗಳ ಹಳೇ ಇಂಜಿನ್ ಆಯಿಲ್ ಮೋರಿಯಲ್ಲಿ ಎಲ್ಲಿಗೆ ಹೋಗುತ್ತದೆ?

ಅಡ್ಮಿನ್
ಅದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ, ಖಂಡಿತ. ಈಗ ಇದು. ನಾಳೆ ಬೆಳಿಗ್ಗೆ ಆರಕ್ಕೆ ಬೀಚಿನಲ್ಲಿ ಸೇರೋಣ. ರಬ್ಬರ್ ಗ್ಲೌಸ್ ಬೇಕು. ಮಕ್ಕಳು ಬೇಡ. ಗುಂಡಿ ತೋಡಿ ಹೂಳುವುದೂ ಬೇಡ, ಸುಡುವುದೂ ಬೇಡ. ಮೊದಲು ಫೋಟೊ, ಜಾಗ, ಸಮಯ. ಆಮೇಲೆ ಸ್ಯಾಂಪಲ್, ಗಾಜಿನ ಬಾಟಲಿಯಲ್ಲಿ ಮಾತ್ರ. ಪ್ಲಾಸ್ಟಿಕ್ ಡಬ್ಬಿ ಬೇಡ.

ಮೀನು ಮಾರ್ಕೆಟ್ ಎದುರು ಮನೆ
ನಮ್ಮಲ್ಲಿ ಉಪ್ಪಿನಕಾಯಿ ಬಾಟಲಿ ಉಂಟು, ಗಾಜಿನದ್ದು. ತರಲಾ?

ಹಳೇ ಬಾವಿ ಮನೆ
ಅಯ್ಯೋ ಬೇಡ, ಅದರಲ್ಲಿ ಮೊದಲೇ ಎಣ್ಣೆ ಜಾಸ್ತಿ. ಜಾಮ್ ಬಾಟಲಿ ಇದ್ದರೆ ಚೆನ್ನಾಗಿ ತೊಳೆದು ಒಣಗಿಸಿ ತನ್ನಿ.