ತುಂಬೆ ಡ್ಯಾಮ್ ಒಡೆದ ರಾತ್ರಿ ನಮ್ಮ ಗ್ರೂಪಿನಲ್ಲಿ

ಗ್ರೂಪಿನ ಹೆಸರು 'ವಾಮಂಜೂರು ಮನೆ'. ಡಿಪಿಯಲ್ಲಿ ಅಜ್ಜಿಯ ಫೋಟೋ ಇರುವ ಕಾರಣ ಯಾರಿಗೂ ಬಿಟ್ಟುಹೋಗುವ ಧೈರ್ಯವಿಲ್ಲ. ಮೊನ್ನೆ ರೆಡ್ ಅಲರ್ಟಿನ ರಾತ್ರಿ ಕರೆಂಟು ಹೋಗಿ ಬಂದು ಮಾಡುವಾಗ ದೊಡ್ಡಪ್ಪ ಒಂದು ವಿಡಿಯೋ ಎಸೆದರು. ಮೇಲೆ ಎರಡು ಬಾಣದ ಗುರುತು, ಅಂದರೆ ಊರೆಲ್ಲ ಸುತ್ತಿ ಬಂದದ್ದು.

ದೊಡ್ಡಪ್ಪ: ತುಂಬೆ ಡ್ಯಾಮ್ ಒಡೆದಿದೆ!! ಇನ್ನೆರಡು ಗಂಟೆಯಲ್ಲಿ ಮಂಗಳೂರು ಮುಳುಗಡೆ. ಎಲ್ಲರಿಗೂ ಕಳಿಸಿ 🙏

ವಿಜಯತ್ತೆ: ಅಯ್ಯೋ ದೇವರೇ. ಡಿಸಿ ನಾಳೆ ರಜೆ ಕೊಟ್ಟಿದ್ದಾರಾ?

ಕಾರ್ತಿಕ್: ದೊಡ್ಡಪ್ಪ, ಎಲ್ಲಿ ಸಿಕ್ಕಿತು ಇದು?

ದೊಡ್ಡಪ್ಪ: ನಮ್ಮ ರಿಟೈರ್ಡ್ ಗ್ರೂಪಿನಲ್ಲಿ. ಎಲ್ಲ ಓದಿದವರೇ ಇರುವುದು ಅಲ್ಲಿ.

ಕಾರ್ತಿಕ್: ಬೊಬ್ಬೆ ಹಾಕುವವರು ತೆಲುಗಿನಲ್ಲಿ ಹಾಕ್ತಾ ಇದ್ದಾರೆ. ತುಂಬೆಯದ್ದು ಕಿಂಡಿ ಅಣೆಕಟ್ಟು ಮಾರಾಯ್ರೆ, ಬೇಸಿಗೆಗೆ ಕುಡಿಯುವ ನೀರು ನಿಲ್ಲಿಸ್ಲಿಕ್ಕೆ ಕಟ್ಟಿದ್ದು. ಜೋರು ಮಳೆಗೆ ಗೇಟು ಎತ್ತಿ ಬಂದ ನೀರನ್ನು ಬಂದ ಹಾಗೆ ಬಿಡ್ತಾರೆ. ಮುಳುಗಿಸ್ಲಿಕ್ಕೆ ಅಲ್ಲಿ ನೀರು ಕೂಡಿಟ್ಟದ್ದೆಲ್ಲಿ? ಮತ್ತೆ ವಾಮಂಜೂರಿನ ಗುಡ್ಡಕ್ಕೆ ನೇತ್ರಾವತಿ ಹತ್ತುದು ಹೇಗೆ?

ದೊಡ್ಡಪ್ಪ: ನಾನು ನನಗೋಸ್ಕರ ಹಾಕಿದ್ದಲ್ಲ.

ಪ್ರಸಾದ್ ಭಾವ (ಬೆಂಗಳೂರು): ಬಂಟ್ವಾಳದಲ್ಲಿ ಅಪಾಯದ ಮಟ್ಟ 8.5 ಮೀಟರ್. ಈಗ ಎಷ್ಟುಂಟು ಅಂತ ಯಾರಾದ್ರೂ ನೋಡಿ.

ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ, ಜಗಳ ಓದುತ್ತಾ ಇದ್ದೆ.

ಸುಮ ಅತ್ತಿಗೆ: 📷 ಬಚ್ಚಲಿನ ಹಿಂದಿನ ಗುಡ್ಡದ ಬರೆ. ಸಂಜೆಯಿಂದ ಹೀಗೆ ಉಂಟು.

ಶೋಭಕ್ಕ: ನೆರೆ ಅಂದ್ರೆ 1974ರದ್ದು! ಪಾಣೆಮಂಗಳೂರಿನಲ್ಲಿ ಅಂಗಡಿಯೊಳಗೆಲ್ಲ ನೀರು. 1923ರ ಮಾರಿಬೊಳ್ಳ ಇದಕ್ಕಿಂತ ಜೋರು ಅಂತ ಅಜ್ಜಿ ಹೇಳ್ತಿದ್ರು. ನಮಗೆ ಮಕ್ಕಳಿಗೆ ಖುಷಿಯೇ, ಅಟ್ಟದಲ್ಲಿ ಕೂತು ಹಲಸಿನ ಹಪ್ಪಳ ತಿಂದದ್ದು. ಆ ಹಪ್ಪಳ ಈಗ ಯಾರು ಮಾಡ್ತಾರೆ?

ವಿಜಯತ್ತೆ: ನಾನು ಮಾಡ್ತೇನೆ. ಹೋದ ವರ್ಷ ನಿನಗೆ ಕಳಿಸಿದ್ದೆ, ತಲುಪಿತು ಅಂತ ಒಂದು ಮಾತು ಹೇಳ್ಲಿಲ್ಲ ನೀನು.

ಶೋಭಕ್ಕ: ಹೇಳಿದ್ದೇನೆ ಅತ್ತೆ.

ವಿಜಯತ್ತೆ: ಇಲ್ಲ. 2018ರ ಮೇ 29ಕ್ಕೆ ಕೊಟ್ಟಾರದಲ್ಲಿ ನಮ್ಮ ಮನೆಯೊಳಗೆ ನೀರು ಬಂದಾಗಲೂ ಈ ಗ್ರೂಪಿನಲ್ಲಿ ಒಬ್ಬರೂ ಕೇಳ್ಲಿಲ್ಲ. ಅವತ್ತು ಎಲ್ಲರೂ ಗುಡ್ ಮಾರ್ನಿಂಗ್ ಹೂ ಹಾಕಿದ್ದು. ಸ್ಕ್ರೀನ್‌ಶಾಟ್ ಉಂಟು ನನ್ನ ಹತ್ರ.

ಇದು ಸುಳ್ಳಲ್ಲ. ಅತ್ತೆಯ ಫೋನಿನಲ್ಲಿ ಮೊಮ್ಮಕ್ಕಳ ಫೋಟೋಕ್ಕಿಂತ ಸ್ಕ್ರೀನ್‌ಶಾಟೇ ಹೆಚ್ಚು.

ಕಾರ್ತಿಕ್: ಇಂಥ ಸುಳ್ಳು ಎಚ್ಚರಿಕೆ ಹರಡಿದ್ರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಸೆಕ್ಷನಿನಲ್ಲಿ ಒಂದು ವರ್ಷದವರೆಗೆ ಜೈಲು ಉಂಟು.

ದೊಡ್ಡಪ್ಪ: ನನ್ನನ್ನು ಜೈಲಿಗೆ ಹಾಕಿಸ್ತೀಯಾ? ನಿನ್ನ ಫೀಸು ಯಾರು ಕಟ್ಟಿದ್ದು?

ಕಾರ್ತಿಕ್: ಮೊದಲ ಸೆಮಿಸ್ಟರ್ ಮಾತ್ರ.

ಆಮೇಲೆ ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ. 'ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ' ಎಂದು ತೋರಿಸುತ್ತಲೇ ಇತ್ತು.

ದೊಡ್ಡಪ್ಪ: ಡ್ಯಾಮ್ ಒಡೆದಿದೆಯೋ ಇಲ್ಲವೋ, ಅದಲ್ಲ ವಿಷಯ. ಮನುಷ್ಯನಿಗೆ ದುರಾಸೆ ಹೆಚ್ಚಾಗಿದೆ. ಗುಡ್ಡ ಕಡಿದ, ಗದ್ದೆಗೆ ಮಣ್ಣು ತುಂಬಿಸಿದ, ತೋಡು ಮುಚ್ಚಿದ. ಪ್ರಕೃತಿ ಸುಮ್ಮನೆ ಬಿಡ್ತದಾ? 2018ರಲ್ಲಿ ಕೊಡಗು, 2024ರಲ್ಲಿ ಶಿರೂರು, ವಯನಾಡು. ನಾವು ಪಾಠ ಕಲಿಯಲಿಲ್ಲ.

ಪ್ರಸಾದ್ ಭಾವ: ಮಾವ, ಕಾರು ತಿರುಗಿಸ್ಲಿಕ್ಕೆ ಜಾಗ ಬೇಕು ಅಂತ ಜೆಸಿಬಿ ತರಿಸಿ ಸುಮಳ ಬಚ್ಚಲಿನ ಹಿಂದೆ ಗುಡ್ಡ ಕಡಿಸಿದ್ದು ಯಾರು?

ದೊಡ್ಡಪ್ಪ: ಅದು ನನ್ನ ಪಾಲಿನ ಜಾಗ.

ಪ್ರಸಾದ್ ಭಾವ: ಜರಿದ್ರೆ ಬೀಳುದು ಅವಳ ಪಾಲಿಗಲ್ವಾ?

ದೊಡ್ಡಪ್ಪ: ತಡೆಗೋಡೆಗೆ ಮೂವರೂ ಹಾಕುವ ಅಂತ ಮಾತಾಗಿತ್ತು. ನಿನ್ನ ಭಾಗ ಬಂತಾ? ಬೆಂಗಳೂರಿನಲ್ಲಿ ಕೂತು ಮೀಟರ್ ಲೆಕ್ಕ ಹೇಳ್ಲಿಕ್ಕೆ ಖರ್ಚಿಲ್ಲ.

ಇಲ್ಲಿಂದ ಮುಂದಿನದ್ದು ಪೂರ್ತಿ ಪಾಲುಪಟ್ಟಿಯ ಕಾಲದ್ದು. ಅಜ್ಜಿಯ ತಾಮ್ರದ ಹಂಡೆಯೂ ಬಂತು. ಶೋಭಕ್ಕ ನಡುವೆ ಪತ್ರೊಡೆಯ ಫೋಟೋ ಹಾಕಿದಳು. ನಾನು ಮೇಲೆ ಹೋಗಿ ಸುಮ ಅತ್ತಿಗೆಯ ಫೋಟೋ ದೊಡ್ಡದು ಮಾಡಿ ನೋಡಿದೆ. ಕಡಿದ ಬರೆಯ ಮೇಲ್ಭಾಗ ಗಟ್ಟಿ ಮುರಕಲ್ಲು, ಅದರ ಕೆಳಗೆ ಬೆಳ್ಳಗಿನ ಶೇಡಿ ಮಣ್ಣು. ಎರಡೂ ಸೇರುವಲ್ಲಿಂದ ಹಾಲಿನಂಥ ನೀರು ಇಳಿದು ಬಟ್ಟೆ ಒಗೆಯುವ ಕಲ್ಲಿನ ಸುತ್ತ ನಿಂತಿತ್ತು. ಮೇಲೆ, ಗೇರು ಮರದ ಬುಡದ ಹತ್ತಿರ ನೆಲ ಬಿರಿದು ಬೇರು ಕಾಣುತ್ತಿತ್ತು.

ನಾನು: ಎಲ್ಲರೂ ಒಮ್ಮೆ ಆ ಫೋಟೋ ನೋಡಿ. ಅತ್ತಿಗೆ, ಆ ಬದಿಯ ಕೋಣೆಯಲ್ಲಿ ಯಾರು ಮಲಗುದು?

ಸುಮ ಅತ್ತಿಗೆ: ಮಕ್ಕಳು.

ಕಾರ್ತಿಕ್: ಈಗಲೇ ಎಬ್ಬಿಸಿ ಅತ್ತಿಗೆ. ಶೇಡಿ ನೀರು ಕುಡಿದ್ರೆ ಮೇಲಿನ ಕಲ್ಲು ಸಮೇತ ಕೂರ್ತದೆ. ಮಕ್ಕಳನ್ನು ಕರ್ಕೊಂಡು ದೊಡ್ಡಪ್ಪನ ಮನೆಗೆ ಹೋಗಿ, ಅದು ಬರೆಯಿಂದ ದೂರ. ಜಿಲ್ಲೆಯ ಕಂಟ್ರೋಲ್ ರೂಮ್ 1077ಕ್ಕೂ ಫೋನ್ ಮಾಡಿ ಹೇಳಿಡಿ.

ವಿಜಯತ್ತೆ: ಜೆಸಿಬಿ ಕರೆಸಿ ಮಣ್ಣು ತೆಗೆಸ್ಲಿಕ್ಕಾಗುದಿಲ್ವಾ?

ಕಾರ್ತಿಕ್: ಮಳೆಯಲ್ಲಿ ಬುಡಕ್ಕೆ ಜೆಸಿಬಿ ಹಾಕಿದ್ರೆ ಉಳಿದದ್ದೂ ಬರ್ತದೆ. ಈಗ ಯಾರೂ ಹತ್ತಿರ ಹೋಗ್ಬೇಡಿ. ಬೆಳಿಗ್ಗೆ ಮಳೆ ಬಿಟ್ಟರೆ ಮೇಲಿನ ನೀರಿನ ಕಣಿ ತಿರುಗಿಸಿ, ಬಿರಿದಲ್ಲಿಗೆ ನೀರು ಇಳಿಯದ ಹಾಗೆ ಟರ್ಪಾಲು ಹೊದೆಸ್ಬೇಕು. ನಾನು ಬರ್ತೇನೆ. ದೊಡ್ಡ ಟರ್ಪಾಲು ಯಾರ ಹತ್ರ ಉಂಟು?

ಶೋಭಕ್ಕ: ನಮ್ಮದಿತ್ತು. ವಿಜಯತ್ತೆಯ ಗೃಹಪ್ರವೇಶಕ್ಕೆ ಹೋದದ್ದು ವಾಪಸ್ ಬರ್ಲಿಲ್ಲ.

ವಿಜಯತ್ತೆ: ಅದನ್ನು ನಾನು ಅಣ್ಣನ ಮನೆಗೆ ಕೊಟ್ಟಾಗಿದೆ!

ದೊಡ್ಡಪ್ಪ ನೋಡಿದ್ದಾರೆಂದು ನೀಲಿ ಗುರುತು ಹೇಳುತ್ತಿತ್ತು, ಉತ್ತರ ಇಲ್ಲ. ಸುಮ ಅತ್ತಿಗೆ ಮಕ್ಕಳನ್ನು ಕರೆದುಕೊಂಡು ಅವರ ಚಾವಡಿಗೆ ಬಂದಾಯಿತೆಂದು ಬರೆದ ಮೇಲೆಯೇ ಅವರ ಮೆಸೇಜು ಬಂತು.

ದೊಡ್ಡಪ್ಪ: ಟರ್ಪಾಲು ಕಾರಿನ ಶೆಡ್ಡಿನಲ್ಲಿ ಉಂಟು. ಬೆಳಿಗ್ಗೆ ಬರುವವರು ಚಾ ಇಲ್ಲೇ ಕುಡಿಯಿರಿ. ತಡೆಗೋಡೆಯ ವಿಷಯ ಎತ್ತಬಾರದು.

ಪ್ರಸಾದ್ ಭಾವ: ನನ್ನ ಭಾಗ ಎಷ್ಟು ಅಂತ ಹೇಳಿ.