ಹಳೆಯ ಫಿಯಟ್ ಕಾರಿನ ದೀಪ ಬದಲಿಸಬೇಕೇ, ಬೇಡವೇ? ಅನುಭವವಿದ್ದವರು ತಿಳಿಸಿ

ಸಕಲೇಶಪುರ, ಫಿಯಟ್ 1100 (1968)

ನಮ್ಮ ತಂದೆಯವರ 1968ರ ಫಿಯಟ್ 1100 ಡಿಲೈಟ್ ಈಗ ನನ್ನ ಕೈಗೆ ಬಂದಿದೆ. ವಾರಕ್ಕೊಮ್ಮೆ ಹಾಸನಕ್ಕೆ ಹೋಗಿ ಕತ್ತಲಾದ ಮೇಲೆ ಹಿಂದಿರುಗುತ್ತೇನೆ. ಮಳೆಗಾಲದಲ್ಲಿ ಎದುರಿನ ರಸ್ತೆಯೇ ಕಾಣುವುದಿಲ್ಲ, ಹಿಂದಿನ ಕೆಂಪು ದೀಪಗಳೂ ಮಂಕಾಗಿವೆ. ಡೈನಮೊ ಹಳೆಯದೇ ಇದೆ. ಎಲ್‌ಇಡಿ ಹಾಕಿಸಿಬಿಡಿ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ, ಕಾರಿನ ಮುಖ ಕೆಡಿಸಬೇಡ ಎಂದು ತಂದೆಯವರು ಹೇಳುತ್ತಾರೆ. ಹೆಡ್‌ಲೈಟ್ ಗಾಜಿನ ಮೇಲಿನ ಅರ್ಧಕ್ಕೆ ಅವರೇ ಹಿಂದೆ ಬಳಿದ ಕಪ್ಪು ಬಣ್ಣವೂ ಹಾಗೆಯೇ ಇದೆ. ನೀವೆಲ್ಲ ಏನು ಮಾಡಿದ್ದೀರಿ ಎಂದು ದಯವಿಟ್ಟು ತಿಳಿಸಿ.

ಮೈಸೂರು, ಅಂಬಾಸಿಡರ್ ಮಾರ್ಕ್ 2 (1970)

ನನ್ನ ಕಾರನ್ನು ಕೊಂಡಾಗ ಹಿಂದಿನ ಮಾಲೀಕರು ಅದಕ್ಕೆ 100/90 ವ್ಯಾಟಿನ (ಹೈ ಬೀಮಿಗೆ 100, ಡಿಪ್ಪಿಗೆ 90) ಬಲ್ಬು ಹಾಕಿಸಿದ್ದರು. ಎರಡು ಬಲ್ಬಿಗೆ 200 ವ್ಯಾಟ್ ಎಂದರೆ 12 ವೋಲ್ಟಿನಲ್ಲಿ ಹದಿನಾರು ಆಂಪಿಯರಿಗೂ ಹೆಚ್ಚು, ನನ್ನ ಡೈನಮೊ ತನ್ನ ಪೂರ್ತಿ ವೇಗದಲ್ಲಿ ಕೊಡುವುದೇ 22 ಆಂಪಿಯರ್. ಒಂದು ರಾತ್ರಿ ನಂಜನಗೂಡು ದಾಟುತ್ತಿದ್ದಂತೆ ಡ್ಯಾಶ್‌ಬೋರ್ಡಿನ ಹಿಂದಿನಿಂದ ಸುಟ್ಟ ವಾಸನೆ ಬಂದು ಎರಡೂ ದೀಪಗಳು ಒಟ್ಟಿಗೆ ಆರಿದವು. ಸ್ವಿಚ್ಚು ಕರಗಿ ಅಂಟಾಗಿತ್ತು. ಹಳೆಯ ಸ್ವಿಚ್ಚಿಗಾಗಿ ಶಿವಾಜಿನಗರದ ಗುಜರಿಯಲ್ಲಿ ಮೂರು ಭಾನುವಾರ ಅಲೆದು, ಕೊನೆಗೆ 950 ರೂಪಾಯಿಗೆ ಒಂದು ಸಿಕ್ಕಿತು.

ಅದಾದ ಮೇಲೆ ಇನ್ನೂ ದೊಡ್ಡ ತಪ್ಪು ಮಾಡಿದೆ. ಡೂಮಿನೊಳಗಿನ, ಅಂದರೆ ಬಲ್ಬಿನ ಹಿಂದಿನ ಬಟ್ಟಲಿನ ಬೆಳ್ಳಿ ಲೇಪ ಕಪ್ಪಾಗಿದ್ದುದರಿಂದ ಪ್ಲೇಟಿಂಗ್ ಮಾಡುವವರ ಮಾತು ನಂಬಿ, ಜೋಡಿಗೆ 1,800 ರೂಪಾಯಿ ಕೊಟ್ಟು ಕ್ರೋಮ್ ಹಾಕಿಸಿದೆ. ಹಗಲಿನಲ್ಲಿ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು, ರಾತ್ರಿ ಮೊದಲಿಗಿಂತ ಮಂಕು. ಕ್ರೋಮ್ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಮೂರರಲ್ಲಿ ಎರಡು ಪಾಲನ್ನಷ್ಟೇ ಹಿಂದಿರುಗಿಸುತ್ತದೆ, ಹೊಸ ಬೆಳ್ಳಿ ಶೇಕಡ 90ಕ್ಕೂ ಹೆಚ್ಚು. ಆ ಕ್ರೋಮ್ ತೆಗೆಸಿ ಬೆಳ್ಳಿ ಹಾಕಿಸಲು 3,400 ರೂಪಾಯಿ, ಗಾಜಿನ ಅಂಚಿನ ರಬ್ಬರಿಗೆ 240 ರೂಪಾಯಿ, ಮೇಲೆ ಎರಡು ತಿಂಗಳು ಕಾಯುವಿಕೆ.

ಕೊನೆಗೆ ಕೆಲಸ ಮಾಡಿದ್ದು ಎರಡು ರಿಲೇಗಳು, ಅಂದರೆ ಸ್ವಿಚ್ಚಿನಿಂದ ಬರುವ ಸಣ್ಣ ಕರೆಂಟಿನಿಂದಲೇ ದೀಪದ ದೊಡ್ಡ ಕರೆಂಟನ್ನು ಬೇರೆ ವೈರಿನಲ್ಲಿ ಹರಿಸುವ ಪುಟ್ಟ ಪೆಟ್ಟಿಗೆಗಳು. ಜೆ.ಸಿ. ರಸ್ತೆಯಲ್ಲಿ ರಿಲೇ, ಫ್ಯೂಸ್ ಮತ್ತು ದಪ್ಪ ವೈರಿಗೆ ಒಟ್ಟು 1,150 ರೂಪಾಯಿ ಆಯಿತು. ಮೊದಲು ಕರೆಂಟು ಸ್ವಿಚ್ಚು, ಕಾಲಲ್ಲಿ ಒತ್ತುವ ಡಿಪ್ ಸ್ವಿಚ್ಚು ಎಲ್ಲವನ್ನೂ ಸುತ್ತಿ ಬರುವಷ್ಟರಲ್ಲಿ ಬಲ್ಬಿನ ಬುಡದಲ್ಲಿ 10.9 ವೋಲ್ಟ್ ಉಳಿಯುತ್ತಿತ್ತು. ಈಗ ಡೈನಮೊವನ್ನು ಬ್ಯಾಟರಿಗೆ ಕೂಡಿಸುವ ಕಟ್‌ಔಟ್ ಪೆಟ್ಟಿಗೆಯಿಂದ ನೇರವಾಗಿ ಬಂದು, ಎಂಜಿನ್ ಓಟದಲ್ಲಿ 12.4 ವೋಲ್ಟ್ ಸಿಗುತ್ತದೆ. ತಂತಿಯ ಬಲ್ಬಿನಲ್ಲಿ ವೋಲ್ಟೇಜ್ ಸ್ವಲ್ಪ ಏರಿದರೂ ಬೆಳಕು ಅದಕ್ಕಿಂತ ಬಹಳ ಹೆಚ್ಚು ಏರುವುದರಿಂದ, ಕಾರಿನ ಮೂಲದ 45/40ರ ಬಲ್ಬಿನಲ್ಲೇ ಸುಮಾರು ಒಂದೂವರೆ ಪಟ್ಟು ಬೆಳಕು ಬಂದಿದೆ. ಹೊರಗಿನಿಂದ ನೋಡಿದವರಿಗೆ ಏನೂ ಬದಲಾಗಿಲ್ಲ. ಎಲ್‌ಇಡಿ ಹಾಕಿಸಿದ ಹಳೆಯ ಕಾರನ್ನು ನಾನು ಹಳೆಯ ಕಾರೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಬೆಳ್ತಂಗಡಿ, ಪ್ರೀಮಿಯರ್ ಪದ್ಮಿನಿ (1986)

ಮೈಸೂರಿನ ಹಿರಿಯರು ಲೆಕ್ಕಕ್ಕೆ ಹಿಡಿಯದ ಕಾರು ನನ್ನದು, ಆದ್ದರಿಂದ ಅದರ ಕಥೆಯನ್ನು ಹೇಳಲೇಬೇಕಾಗಿದೆ.

ನಾನೂ 2017ರವರೆಗೆ ಒಂದು ಸ್ಕ್ರೂ ಕೂಡ ಬದಲಿಸದವನಾಗಿದ್ದೆ. ಆ ವರ್ಷದ ಆಗಸ್ಟಿನಲ್ಲಿ ಸಂಜೆ ಆರೂವರೆಗೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುತ್ತಿದ್ದಾಗ, ಮಂಜಿನಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡಲು ತಿರುವಿನಲ್ಲಿ ನಿಲ್ಲಿಸಿದೆ. ಹಿಂದಿನಿಂದ ಬಂದ ಬೈಕು ನೇರವಾಗಿ ಬಂಪರಿಗೆ ಬಡಿಯಿತು. ಆ ಹುಡುಗನ ಹೆಗಲಿನ ಮೂಳೆ ಮುರಿಯಿತು. ರಸ್ತೆಯಲ್ಲಿ ಕುಳಿತುಕೊಂಡೇ ಅವನು, "ನಿಮ್ಮ ಲೈಟ್ ಉರಿಯುತ್ತಿತ್ತಾ ಸರ್?" ಎಂದು ಕೇಳಿದ. ಉರಿಯುತ್ತಿತ್ತು. 5 ವ್ಯಾಟಿನ ಬಲ್ಬು, ತುಕ್ಕು ಹಿಡಿದ ಅರ್ತ್ (ದೀಪವನ್ನು ಬಾಡಿಗೆ ಕೂಡಿಸುವ ಜಾಗ), ಬಿಸಿಲಿಗೆ ಬಣ್ಣ ಕಳೆದುಕೊಂಡ ಗಾಜು. ಬ್ರೇಕ್ ಒತ್ತಿದಾಗಲೂ ಒತ್ತದಿದ್ದಾಗಲೂ ಕಾಣುವುದರಲ್ಲಿ ವ್ಯತ್ಯಾಸವೇ ಇರಲಿಲ್ಲ. ಆಸ್ಪತ್ರೆಗೆ ನಾನು ಕೊಟ್ಟದ್ದು 46,000 ರೂಪಾಯಿ. ಹಣದ ಮಾತಿರಲಿ, ಆ ಪ್ರಶ್ನೆಯನ್ನು ನಾನು ಇನ್ನೂ ಮರೆತಿಲ್ಲ.

ಮೊದಲು ಬಿಳಿ ಎಲ್‌ಇಡಿ ಬಲ್ಬು ಹಾಕಿದೆ. ಕೆಂಪು ಗಾಜಿನ ಹಿಂದೆ ಅದು ಗುಲಾಬಿಯಾಗಿ ಕಂಡು 600 ರೂಪಾಯಿ ವ್ಯರ್ಥವಾಯಿತು. ಕೆಂಪು ಗಾಜಿಗೆ ಕೆಂಪು ಎಲ್‌ಇಡಿಯೇ ಬೇಕು. ಇಂಡಿಕೇಟರಿಗೂ ಎಲ್‌ಇಡಿ ಹಾಕಿದಾಗ ಹಳೆಯ ಫ್ಲ್ಯಾಶರ್ ಮಿನುಗುವುದನ್ನೇ ನಿಲ್ಲಿಸಿತು, ಏಕೆಂದರೆ ಅದು ಕೆಲಸ ಮಾಡುವುದೇ ಬಲ್ಬು ಎಳೆಯುವ ಕರೆಂಟಿನಿಂದ ಬಿಸಿಯಾಗಿ. ಎಲೆಕ್ಟ್ರಾನಿಕ್ ಫ್ಲ್ಯಾಶರಿಗೆ 280 ರೂಪಾಯಿ ಆಯಿತು. ಹಿಂದಿನ ಗಾಜಿನ ಒಳಗೆ ಮೂರನೆಯ ಬ್ರೇಕ್ ದೀಪ ಇಟ್ಟೆ. ಮುಂದೆ 7 ಇಂಚಿನ ಎಲ್‌ಇಡಿ ಘಟಕಗಳನ್ನೇ ಕೂರಿಸಿದೆ, ಜೋಡಿಗೆ 7,500 ರೂಪಾಯಿ. ಮುಖ ಬದಲಾಗಿದೆ ಎಂದು ಒಪ್ಪುತ್ತೇನೆ, ಆದರೆ ಹಳೆಯ ಡೂಮುಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ, ಒಂದು ಗಂಟೆಯಲ್ಲಿ ಮತ್ತೆ ಹಾಕಬಹುದು.

ಮೈಸೂರು, ಅಂಬಾಸಿಡರ್ ಮಾರ್ಕ್ 2

ಆ ಹುಡುಗನಿಗೆ ಆದದ್ದಕ್ಕೆ ನನಗೂ ದುಃಖವಿದೆ. ಆದರೆ ತಮ್ಮ ಅಪಘಾತಕ್ಕೆ ಕಾರಣ ತುಕ್ಕು ಹಿಡಿದ ಅರ್ತ್ ಎಂದು ತಾವೇ ಬರೆದಿದ್ದೀರಿ, ಆ ಪಾಪವನ್ನು ಅಸಲಿತನದ ತಲೆಗೆ ಕಟ್ಟಬಾರದು. ಅದಲ್ಲದೆ, ಹಳೆಯ ಡೂಮಿಗೆ ಎಲ್‌ಇಡಿ ತುರುಕಿಕೊಂಡು ಬರುವವರಿಂದ ಎದುರಿನವರಿಗೆ ಕಣ್ಣೇ ಕಾಣುವುದಿಲ್ಲ.

ಬೆಳ್ತಂಗಡಿ, ಪ್ರೀಮಿಯರ್ ಪದ್ಮಿನಿ

ಓದದೆ ಬೈಯಬೇಡಿ. ಹಳೆಯ ಡೂಮಿಗೆ ಎಲ್‌ಇಡಿ ಬಲ್ಬು ಹಾಕುವುದು ಬೇರೆ, ಅದಕ್ಕೆಂದೇ ಲೆನ್ಸ್ ಇರುವ ಪೂರ್ತಿ ಘಟಕವನ್ನು ಕೂರಿಸುವುದು ಬೇರೆ. ನಾನು ಮಾಡಿದ್ದು ಎರಡನೆಯದು.

ಬೆಂಗಳೂರು, ಮೊರಿಸ್ ಮೈನರ್ 1000 (1957)

ನಿಮ್ಮಿಬ್ಬರ ಕಾರುಗಳಿಗೆ ಇಂಡಿಕೇಟರ್ ಆದರೂ ಇದೆ. ನನ್ನ ಕಾರಿಗೆ ಇರುವುದು ಬಾಗಿಲಿನ ಹಿಂದಿನ ಕಂಬದಿಂದ ಹೊರಗೆ ಚಾಚುವ ಟ್ರಾಫಿಕೇಟರ್ ಎಂಬ ಪುಟ್ಟ ಕೈ. ಅದರೊಳಗೆ 3 ವ್ಯಾಟಿನ ಬಲ್ಬು ಉರಿಯುತ್ತದೆ. ಹುಬ್ಬು ಎತ್ತಿದಂತೆ ಅದು ಮೇಲೇಳುವುದನ್ನು ನೋಡುವುದಕ್ಕೇ ಮಕ್ಕಳು ನಿಲ್ಲುತ್ತಾರೆ, ಸ್ಕೂಟರಿನವರು ಮಾತ್ರ ನಿಲ್ಲುವುದಿಲ್ಲ. ಮಿನ್ಸ್ಕ್ ಚೌಕದ ಬಳಿ ಎಡಕ್ಕೆ ತಿರುಗಲು ಕೈ ಚಾಚಿದಾಗ ಸ್ಕೂಟರೊಂದರ ಕನ್ನಡಿ ತಗುಲಿ ಅದು ಬುಡದಿಂದಲೇ ಮುರಿಯಿತು. ಇಂಗ್ಲೆಂಡಿನಿಂದ ಇನ್ನೊಂದನ್ನು ತರಿಸಲು ಸಾಗಣೆ, ಸುಂಕ ಸೇರಿ 11,300 ರೂಪಾಯಿ ಆಯಿತು.

ಈಗ ಟ್ರಾಫಿಕೇಟರ್ ಹಾಗೆಯೇ ಇದೆ, ಅದರ ಜೊತೆಗೆ ಬಂಪರಿನ ಹಳೆಯ ಬೋಲ್ಟುಗಳಿಗೇ ಪಟ್ಟಿ ಕಟ್ಟಿ ನಾಲ್ಕು ಹಳದಿ ದೀಪಗಳನ್ನು ಇಟ್ಟಿದ್ದೇನೆ. ಒಂದೇ ಒಂದು ತೂತನ್ನೂ ಕೊರೆದಿಲ್ಲ. ಇನ್ನೊಂದು ಎಚ್ಚರಿಕೆ: ನನ್ನ ಕಾರಿನಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಬಾಡಿಗೆ ಕೂಡಿದೆ. ಇದನ್ನು ಗಮನಿಸದೆ ಸಾಮಾನ್ಯ ಎಲ್‌ಇಡಿ ಹಾಕಿ ಎರಡು ಜೋಡಿ ಸುಟ್ಟುಕೊಂಡೆ.

ಕಾನೂನಿನ ವಿಷಯವನ್ನು ಯಾರೂ ಎತ್ತಿಲ್ಲ. ವಾಹನದ ಮಾರ್ಪಾಡುಗಳ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಇದೆ, 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪೂ ಇದೆ. 2021ರ ನಿಯಮದಂತೆ 50 ವರ್ಷ ದಾಟಿದ ಕಾರಿಗೆ 20,000 ರೂಪಾಯಿ ಶುಲ್ಕ ಕಟ್ಟಿ ಹತ್ತು ವರ್ಷಕ್ಕೆ 'ವಿಎ' (ವಿಂಟೇಜ್ ವಾಹನ) ನೋಂದಣಿ ಪಡೆಯಬಹುದು, ಆದರೆ ಕಾರು ಮೂಲ ಸ್ವರೂಪದಲ್ಲಿರಬೇಕು. ಎಲ್‌ಇಡಿ ಮುಖದ ಕಾರನ್ನು ಯಾರು ಒಪ್ಪುತ್ತಾರೆ?

ಬೆಳ್ತಂಗಡಿ, ಪ್ರೀಮಿಯರ್ ಪದ್ಮಿನಿ

ಆ ನಿಯಮ ಹೆಸರಿಸಿ ಹೇಳಿರುವುದು ಛಾಸಿ, ಬಾಡಿ ಮತ್ತು ಎಂಜಿನ್ನಿನ ಮಾರ್ಪಾಡನ್ನು. ಜೊತೆಗೆ ವಿಎ ನೋಂದಣಿಯ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ ಎಂಬುದನ್ನು ತಾವು ಬರೆಯಲಿಲ್ಲ. ವಾರವಾರ ಹಾಸನಕ್ಕೆ ಹೋಗುವವರಿಗೆ ಅದರಿಂದ ಏನು ಪ್ರಯೋಜನ? ತಮ್ಮ ನಾಲ್ಕು ಹಳದಿ ದೀಪಗಳು ಮಾತ್ರ ಯಾವ ಲೆಕ್ಕದಲ್ಲಿ ಮೂಲ ಸ್ವರೂಪ?

ಹುಬ್ಬಳ್ಳಿ, ಫಿಯಟ್ 1100 (1965)

ಜಗಳದ ನಡುವೆ ನನ್ನ ಅನುಭವವನ್ನೂ ಕೇಳಿ, ಇದು ಇಬ್ಬರಿಗೂ ಸಂಬಂಧಿಸಿದ್ದು. ನಾನು ಹಾಕಿದ್ದು ಅಸಲಿಯನ್ನೇ, ತಪ್ಪಾದದ್ದೂ ಅದೇ.

ನನ್ನ ತಮ್ಮ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. ಹಳೆಯ ಕಾರುಗಳ ಸಂತೆಯಲ್ಲಿ ಡಬ್ಬಿಯನ್ನೇ ಬಿಚ್ಚದ ಒಂದು ಜೊತೆ ಹೆಡ್‌ಲೈಟುಗಳನ್ನು 140 ಯೂರೋಗೆ ಕೊಂಡು ತಂದ. ಅಷ್ಟು ಚೆಂದದ ಗಾಜನ್ನು ನಾನು ನೋಡಿರಲಿಲ್ಲ, ನೆಟ್ಟಗೆ ಗೆರೆ ಹೊಯ್ದ ಹಾಗೆ. ಹಾಕಿದ ದಿನದಿಂದ ಧಾರವಾಡದ ರಸ್ತೆಯಲ್ಲಿ ಎದುರಿನವರೆಲ್ಲ ನನಗೆ ದೀಪ ಮಿನುಗಿಸತೊಡಗಿದರು. ದೀಪ ಮೇಲೆ ನೋಡುತ್ತಿದೆ ಎಂದುಕೊಂಡು ಮೂರು ಸಲ ಸ್ಕ್ರೂ ತಿರುಗಿಸಿ ತಗ್ಗಿಸಿದೆ. ಕೊನೆಗೆ ಇಪ್ಪತ್ತು ಅಡಿಯಾಚೆ ಏನೂ ಕಾಣದಂತಾಯಿತು. ಎಂಟು ತಿಂಗಳಾದ ಮೇಲೆ ಧಾರವಾಡದ ಒಬ್ಬ ಹಳೆಯ ಮಿಸ್ತ್ರಿ, ಗೋಡೆಯ ಮುಂದೆ ನಿಲ್ಲಿಸಿ ನೋಡಿದ್ದೀರಾ ಎಂದು ಕೇಳಿದರು. ಸಮತಟ್ಟಾದ ನೆಲದಲ್ಲಿ ಕಾಂಪೌಂಡ್ ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ, ದೀಪದ ನಡುಮಧ್ಯದ ಎತ್ತರಕ್ಕೆ ಸುಣ್ಣದಕಡ್ಡಿಯಿಂದ ಗೆರೆ ಎಳೆದು, ಡಿಪ್ ಹಾಕಿದೆವು. ಬೆಳಕಿನ ಮೇಲಂಚು ಎಡಕ್ಕೆ ಮಟ್ಟಸವಾಗಿತ್ತು, ಬಲಕ್ಕೆ ಮಾಡಿನ ಇಳಿಜಾರಿನಂತೆ ಮೇಲಕ್ಕೆ ಏರಿತ್ತು. ಅದು ಬಲಬದಿಯಲ್ಲಿ ವಾಹನ ಓಡಿಸುವ ದೇಶದ ಗಾಜು. ನಮ್ಮಲ್ಲಿ ಆ ಏರು ಎಡಬದಿಯ ರಸ್ತೆಯಂಚಿಗೆ ಬೀಳಬೇಕು. ನನ್ನದು ಎದುರಿನ ಚಾಲಕರ ಕಣ್ಣಿಗೆ ಬೀಳುತ್ತಿತ್ತು. ಎಂಟು ತಿಂಗಳು ಎಷ್ಟು ಜನರ ಕಣ್ಣು ಕಟ್ಟಿದೆನೋ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಯುರೋಪಿನ ಮಾನದ ಗಾಜಾದರೆ ಬಾಣದ ಗುರುತು ನೋಡಿ. ಎಡಬದಿಯ ಸಂಚಾರದ ಗಾಜಿನಲ್ಲಿ, ಕಾರಿನ ಎದುರು ನಿಂತವರ ಬಲಕ್ಕೆ ಮುಖ ಮಾಡಿದ ಬಾಣವಿರುತ್ತದೆ. ಬಲಬದಿಯದಕ್ಕೆ ಬಾಣವೇ ಇರುವುದಿಲ್ಲ. ಎಲ್‌ಇಡಿ ಬಲ್ಬನ್ನೂ ಅದೇ ಗೋಡೆಯ ಮೇಲೆ ಪರೀಕ್ಷಿಸಿದೆ. ಹಳೆಯ ಬಲ್ಬಿನ ತಂತಿ ಇದ್ದ ಜಾಗದಲ್ಲೇ ಅದರ ಬೆಳಕು ಹುಟ್ಟದ ಕಾರಣ ಮೇಲಂಚೇ ಕಲಸಿಹೋಯಿತು. ಈಗ ಹಳೆಯ ಗಾಜನ್ನೇ ಮರಳಿ ಹಾಕಿ, ಅದೇ ಹೋಲ್ಡರಿಗೆ ಕೂರುವ 60/55ರ ಹ್ಯಾಲೊಜೆನ್ ಮತ್ತು ರಿಲೇ ಹಾಕಿದ್ದೇನೆ.

ಸಕಲೇಶಪುರ, ಫಿಯಟ್ 1100

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಮೀಟರ್ ಹಿಡಿದು ನೋಡಿದೆ. ಎಂಜಿನ್ ಓಟದಲ್ಲಿ ಬ್ಯಾಟರಿಯಲ್ಲಿ 13.2, ಎಡ ದೀಪದಲ್ಲಿ 10.6, ಬಲದಲ್ಲಿ 11.1 ವೋಲ್ಟ್. ಎಡಭಾಗದ ಅರ್ತ್ ಸ್ಕ್ರೂ ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿದ ಮೇಲೆ ಅದೂ 11.1ಕ್ಕೆ ಬಂತು. ರಿಲೇ ತರಿಸುತ್ತಿದ್ದೇನೆ, ಹಿಂದಕ್ಕೆ ಕೆಂಪು ಎಲ್‌ಇಡಿ ಹಾಕಲು ತಂದೆಯವರು ಒಪ್ಪಿದ್ದಾರೆ. ಗೋಡೆಯ ಮೇಲೆ ನೋಡಿದಾಗ ಗಾಜಿನ ಕಪ್ಪು ಬಣ್ಣವೂ ಬೆಳಕನ್ನು ತಿನ್ನುತ್ತಿರುವುದು ಸ್ಪಷ್ಟವಾಗಿ ಕಂಡಿತು. ಅದನ್ನು ತೆಗೆಯಬಹುದೇ?

ಬೆಂಗಳೂರು, ಮೊರಿಸ್ ಮೈನರ್

ಅವಶ್ಯವಾಗಿ ತೆಗೆಯಿರಿ. ಕಾರ್ಖಾನೆಯಿಂದ ಆ ಬಣ್ಣದೊಂದಿಗೆ ಬಂದದ್ದಲ್ಲ, ಆದ್ದರಿಂದ ಅದನ್ನು ಅಸಲಿ ಎನ್ನಲಾಗದು.

ಮೈಸೂರು, ಅಂಬಾಸಿಡರ್ ಮಾರ್ಕ್ 2

ಅವರ ತಂದೆಯವರು ಕೈಯಾರೆ ಬಳಿದ ಬಣ್ಣವನ್ನು ಅಸಲಿಯಲ್ಲ ಎಂದು ಹೇಳಲು ತಾವು ಯಾರು? ನನ್ನ ಕಾರಿನಲ್ಲಿ ಅದು ಹಾಗೆಯೇ ಇದೆ, ಮುಂದೆಯೂ ಇರುತ್ತದೆ.

ಹುಬ್ಬಳ್ಳಿ, ಫಿಯಟ್ 1100

ತೆಗೆಯುವುದಾದರೆ ಬ್ಲೇಡಿನಿಂದ ಕೆರೆಯಬೇಡಿ, ಗಾಜಿಗೆ ಗೆರೆ ಬೀಳುತ್ತದೆ. ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿ, ಅಂಚಿನ ರಬ್ಬರಿಗೆ ತಾಗದಂತೆ ನೋಡಿಕೊಳ್ಳಿ. ಹೊರಡುವ ಮೊದಲು ಮತ್ತೊಮ್ಮೆ ಗೋಡೆಯ ಮುಂದೆ ನಿಲ್ಲಿಸಿ ನೋಡಿ.